ಕಿವಿಗಲ್ಲಿಗೂ ಮೊದಲು ನದಿಯನ್ನು ಓದಬೇಕು

ಸಾಲ್ಮನ್ ಮೀನಿನ ಕಿವಿಗಲ್ಲನ್ನು ಉಜ್ಜಿ, ಲೇಸರ್ ಯಂತ್ರದಲ್ಲಿಟ್ಟು, ಆ ಮೀನು ಮರಿಯಾಗಿದ್ದಾಗ ಯಾವ ಹೊಳೆಯಲ್ಲಿ ಬೆಳೆಯಿತು ಎಂದು ಪತ್ತೆ ಹಚ್ಚುವುದು ಕ್ಯಾಲಿಫೋರ್ನಿಯಾದಲ್ಲಿ ನಾನು ಮಾಡುವ ಕೆಲಸ. ಹೊಸದಾಗಿ ಸೇರುವವರು ಯಂತ್ರವನ್ನು ಬೇಗನೆ ಕಲಿಯುತ್ತಾರೆ. ಅದು ಕೊಡುವ ಅಂಕಿಯನ್ನು ಎಲ್ಲಿ ನಂಬಬೇಕು, ಎಲ್ಲಿ ತಡೆದು ಯೋಚಿಸಬೇಕು ಎಂಬುದು ಕೈಗೆ ಹತ್ತಲು ಮಾತ್ರ ಕಾಲ ಹಿಡಿಯುತ್ತದೆ.

ನಮ್ಮ ಕರಾವಳಿಯಲ್ಲಿ ಕಲ್ಲೂರು ಮೀನಿನ ತಲೆ ತಿಂದವರಿಗೆ ಹಲ್ಲಿಗೆ ತಾಗುವ ಬಿಳಿ ಹರಳು ಗೊತ್ತಿರುತ್ತದೆ. ಅದೇ ಕಿವಿಗಲ್ಲು. ಜನ ಕಿವಿಯ ಮೂಳೆ ಎಂದರೂ ಅದು ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳು. ಮರಿಯ ವಯಸ್ಸಿನಲ್ಲಿ ದಿನಕ್ಕೊಂದರಂತೆ ಪದರ ಕೂರುತ್ತದೆ. ಕೂತ ಪದರವನ್ನು ಮೀನಿನ ದೇಹ ಮತ್ತೆ ಕರಗಿಸಿಕೊಳ್ಳುವುದಿಲ್ಲ. ನೀರಿನಲ್ಲಿರುವ ಸ್ಟ್ರಾನ್ಷಿಯಂ ಕ್ಯಾಲ್ಸಿಯಂನ ಜಾಗದಲ್ಲಿ ಒಂದಿಷ್ಟು ಸೇರಿಕೊಳ್ಳುತ್ತದೆ. ಈ ಧಾತುವಿನ ತೂಕ ಬೇರೆಯಾದ ಎರಡು ರೂಪಗಳಾದ ಸ್ಟ್ರಾನ್ಷಿಯಂ-87 ಮತ್ತು 86ರ ಅನುಪಾತ ಹೊಳೆ ಹರಿಯುವ ಬಂಡೆಗೆ ತಕ್ಕಂತೆ ಬದಲಾಗುತ್ತದೆ. ಲ್ಯಾಸೆನ್ ಜ್ವಾಲಾಮುಖಿಯ ಕಡೆಯಿಂದ ಬರುವ ತೊರೆಗಳಲ್ಲಿ ಅದು 0.704ರ ಆಸುಪಾಸು, ಸಿಯೆರಾ ನೆವಾಡಾದ ಗ್ರಾನೈಟಿನಿಂದ ಇಳಿಯುವ ಅಮೆರಿಕನ್ ನದಿಯಲ್ಲಿ 0.710ರ ಹತ್ತಿರ. ಸಮುದ್ರದಲ್ಲಿ ಎಲ್ಲೆಡೆ 0.7092.

ಮೊದಲ ತೊಡಕು ಹರಳಿನ ನಡುವಿನಲ್ಲೇ ಇದೆ. ಕೇಂದ್ರಕ್ಕೆ ಲೇಸರ್ ಹಾಯಿಸಿದರೆ ಅಂಕಿ ಸಮುದ್ರದ ಕಡೆಗೆ ವಾಲುತ್ತದೆ. ಸಾಲ್ಮನ್ ನದಿಯಲ್ಲಿ ಹುಟ್ಟಿ, ಕಡಲಿನಲ್ಲಿ ದೊಡ್ಡದಾಗಿ, ಮೊಟ್ಟೆಯಿಡಲು ನದಿಗೆ ಮರಳುವ ಮೀನು. ನದಿಯಲ್ಲಿ ಹುಟ್ಟಿದ್ದಕ್ಕೆ ಸಮುದ್ರದ ಗುರುತು ಹೇಗೆ? ಮೊಟ್ಟೆಯ ಹಳದಿಭಾಗ ರೂಪುಗೊಂಡಾಗ ತಾಯಿ ಸಮುದ್ರದಲ್ಲಿ ಮೇಯುತ್ತಿತ್ತು. ಆ ಹಳದಿಯನ್ನು ಉಂಡ ಮರಿಯ ಮೊದಲ ಪದರಗಳಲ್ಲಿ ತಾಯಿಯ ಸಮುದ್ರವಿದೆ. ಹಳದಿ ಮುಗಿದು ಮರಿ ತಾನೇ ಆಹಾರ ಹುಡುಕತೊಡಗಿದ ಮೇಲೆ ಹೊಳೆಯ ಗುರುತು ಮೂಡುತ್ತದೆ. ಅಲ್ಲಿಂದ ಅದು ಕಡಲಿಗಿಳಿಯುವ ತನಕದ ಬದುಕೆಲ್ಲ ಒಂದು ಮಿಲಿಮೀಟರಿಗೂ ಕಡಿಮೆ ಅಗಲದ ಪಟ್ಟಿಯಲ್ಲಿ ಅಡಕವಾಗಿರುತ್ತದೆ. ಮೀನಿನ ಜೀವನಕ್ರಮ ತಿಳಿಯದವರ ಕೈಯಲ್ಲಿ ಎಷ್ಟು ನಿಖರವಾದ ಅಂಕಿಯೂ ದಾರಿ ತಪ್ಪಿಸುತ್ತದೆ.

ಎರಡನೆಯದು ನನ್ನ ಮಟ್ಟಿಗೆ ಇನ್ನೂ ಮುಖ್ಯ. ಹೋಲಿಸಿ ನೋಡಲು ಪ್ರತಿ ಹೊಳೆಯ ನೀರನ್ನೂ ಮೊದಲೇ ಅಳೆದು ಪಟ್ಟಿ ಮಾಡಿಟ್ಟಿರಬೇಕು. ಪಟ್ಟಿಯಲ್ಲಿಲ್ಲದ ಹೊಳೆಯ ಮೀನು ಬಂದರೆ, ಪಟ್ಟಿಯಲ್ಲಿರುವ ಯಾವುದೋ ಹೊಳೆಯ ಲೆಕ್ಕಕ್ಕೆ ಅದು ಸೇರಿಹೋಗುತ್ತದೆ. ಎರಡು ಕಡೆಯ ಅಂಕಿ ಒಂದೇ ಆಗಿದ್ದರೆ ಎರಡನ್ನೂ ಒಟ್ಟಿಗೆ ಬರೆಯುತ್ತೇವೆ. ಊಹೆಯಿಂದ ಒಂದನ್ನು ಆರಿಸುವುದಿಲ್ಲ. ಇದಕ್ಕಾಗಿಯೇ ನೀರಿನ ಬಾಟಲಿ ಹಿಡಿದು ತೊರೆಗಳ ದಂಡೆ ಸುತ್ತುವವರ ದುಡಿಮೆಯನ್ನು ನಾನು ಲೇಸರಿಗಿಂತ ಮೇಲೆ ಇಡುತ್ತೇನೆ.

ಇಷ್ಟು ಎಚ್ಚರ ಯಾಕೆ ಬೇಕು ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಗೆ ಚಳಿಗಾಲದಲ್ಲಿ ಮರಳುವ ಚಿನೂಕ್ ಸಾಲ್ಮನ್ ಸಾಕು. ಶಾಸ್ತಾ ಅಣೆಕಟ್ಟು ಇವುಗಳ ಹಳೆಯ ತಣ್ಣೀರಿನ ತಾಣಗಳ ದಾರಿ ಮುಚ್ಚಿತು. 1994ರಿಂದ ಅಮೆರಿಕದ ಕೇಂದ್ರ ಸರ್ಕಾರದ ಪಟ್ಟಿಯಲ್ಲಿ ಇವು ಅಳಿವಿನಂಚಿನ ಮೀನುಗಳು. ಅಣೆಕಟ್ಟಿನ ಕೆಳಗೆ, ಮುಖ್ಯ ನದಿಯಲ್ಲಿ ಮೊಟ್ಟೆಯಿಡುವುದರಿಂದ ಮರಿಗಳೂ ಹೆಚ್ಚಾಗಿ ಅಲ್ಲೇ ಬೆಳೆಯುತ್ತವೆ ಎಂಬ ಎಣಿಕೆಯಿತ್ತು. 2018ರಲ್ಲಿ ಪ್ರಕಟವಾದ ಕಿವಿಗಲ್ಲಿನ ಅಧ್ಯಯನ ಬೇರೆಯದನ್ನೇ ತೋರಿಸಿತು: ಬದುಕಿ ಮರಳಿದ ಮೀನುಗಳಲ್ಲಿ ಶೇಕಡಾ 44ರಿಂದ 65ರಷ್ಟು ತಾವು ಹುಟ್ಟದ ನೀರಿನಲ್ಲಿ, ಲ್ಯಾಸೆನ್ ಕಡೆಯ ತೊರೆಗಳು, ಅಮೆರಿಕನ್ ನದಿ, ಕೆಳಗಿನ ಡೆಲ್ಟಾ ಮುಂತಾದೆಡೆ, ಬೆಳೆದಿದ್ದವು. ಆ ತಾಣಗಳಲ್ಲಿ ಬಹುಪಾಲಿಗೆ ಈ ಮೀನಿನ ಹೆಸರಿನಲ್ಲಿ ರಕ್ಷಣೆ ಇರಲಿಲ್ಲ. ನೀರಿನ ಪಟ್ಟಿಯಲ್ಲಿ ಆ ಸಣ್ಣ ತೊರೆಗಳನ್ನು ಯಾರೂ ಸೇರಿಸಿರದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಆದರೂ ಈ ಶೇಕಡಾವಾರನ್ನು ಯಾರಾದರೂ ಎಲ್ಲ ಮರಿಗಳಿಗೂ ಅನ್ವಯಿಸಿದರೆ ನಾನು ಒಪ್ಪುವುದಿಲ್ಲ. ಮೊಟ್ಟೆಯಿಟ್ಟು ಸತ್ತು ನದಿಯಲ್ಲಿ ಸಿಗುವ ದೊಡ್ಡ ಮೀನುಗಳ ತಲೆಯಿಂದ ತೆಗೆದ ಹರಳುಗಳಿವು. ದಾರಿಯಲ್ಲೇ ಸತ್ತ ಮರಿಗಳು ಈ ಲೆಕ್ಕದಲ್ಲಿಲ್ಲ. ಯಾವ ಹೊಳೆಗೆ ಎಷ್ಟು ಮರಿ ಹೋದವು, ಅವುಗಳಲ್ಲಿ ಎಷ್ಟು ಉಳಿದವು ಎಂದು ತಿಳಿಯಬೇಕಾದರೆ ಕಡಲಿಗೆ ಹೊರಟ ಮರಿಗಳ ಕಿವಿಗಲ್ಲುಗಳನ್ನೂ ಅದೇ ವರ್ಷ ತೆಗೆದಿಟ್ಟು, ಹೆಚ್ಚಾಗಿ ಮೂರು ವರ್ಷದ ವಯಸ್ಸಿನಲ್ಲಿ ಮರಳುವ ಅದೇ ತಲೆಮಾರಿನ ಮೀನುಗಳೊಂದಿಗೆ ಹೋಲಿಸಬೇಕು.