ಹನ್ನೊಂದು ಅಡಿ ಎತ್ತರದ ಗಾಡಿಗೆ ದಾರಿ ಹುಡುಕುವುದು

ಹಳೆಯ ಬಸ್ಸಿನ ಚಾಸಿಯ ಮೇಲೆ ಎರಡು ಮಂಚ, ಒಂದು ಅಡುಗೆ ಕಟ್ಟೆ ಮತ್ತು ಇನ್ನೂರು ಲೀಟರಿನ ನೀರಿನ ಟ್ಯಾಂಕು ಕೂರಿಸಿ ಕಟ್ಟಿಸಿದ ಕ್ಯಾರವಾನ್ ಗಂಗಾವತಿಯ ನಮ್ಮ ಮನೆಯ ಮುಂದೆ ಬಂದು ನಿಂತಾಗ, ಅದರ ಎತ್ತರವನ್ನು ಅಳೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಮೂರನೆಯ ಪ್ರವಾಸದಲ್ಲಿ, ರಾಯಚೂರು ಜಿಲ್ಲೆಯ ಒಂದು ರೈಲ್ವೆ ಕೆಳಸೇತುವೆಯ ಮುಂದೆ. ಫೋನಿನ ನಕ್ಷೆ ನೇರ ಹೋಗಿರೆಂದು ಹೇಳುತ್ತಲೇ ಇತ್ತು. ಸೇತುವೆಯ ತೊಲೆಯ ಮೇಲಿನ ಎತ್ತರದ ಅಂಕಿ ಬಣ್ಣ ಮಾಸಿ ಓದಲಾಗದಂತಾಗಿತ್ತು. ಕೆಳಗಿಳಿದು ನೋಡುತ್ತಿದ್ದ ತಮ್ಮನ ಮಗ "ದೊಡ್ಡಪ್ಪಾ, ನಿಲ್ಲಿಸ್ರಿ, ಮ್ಯಾಲಿನ ಏಸಿ ತಾಕ್ತೈತಿ" ಎಂದು ಕೂಗದಿದ್ದರೆ ಏಸಿ ಅಲ್ಲಿಯೇ ಉಳಿಯುತ್ತಿತ್ತು. ಹಿಂದೆ ಸಾಲುಗಟ್ಟಿದ ಭತ್ತದ ಟ್ರ್ಯಾಕ್ಟರುಗಳನ್ನೆಲ್ಲ ಸರಿಸಿ, ಗಾಡಿಯನ್ನು ರಿವರ್ಸಿನಲ್ಲಿ ಮುಖ್ಯರಸ್ತೆಗೆ ತರಲು ಒಂದು ಗಂಟೆ ಹಿಡಿಯಿತು.

ಮರುದಿನ ಅಳೆದೆವು. ಏಸಿಯೂ ಸೇರಿ ಎತ್ತರ 3.3 ಮೀಟರ್, ಅಂದರೆ ಹತ್ತಿರಹತ್ತಿರ 11 ಅಡಿ. ಆ ಅಂಕಿಯನ್ನು ಬಿಳಿ ಕಾಗದದಲ್ಲಿ ಬರೆದು ಸ್ಟೇರಿಂಗಿನ ಪಕ್ಕ ಅಂಟಿಸಿದ್ದೇನೆ.

ಅಮೆರಿಕದಲ್ಲಿ ಇಂತಹ ಗಾಡಿಗಳಿಗೆಂದೇ ಗಾರ್ಮಿನ್‌ನಂತಹ ಕಂಪನಿಗಳು ಪ್ರತ್ಯೇಕ ಜಿಪಿಎಸ್ ಸಾಧನಗಳನ್ನು ಮಾರುತ್ತವೆ; ಉದ್ದ, ಎತ್ತರ, ತೂಕಗಳನ್ನು ಅದರಲ್ಲಿ ತುಂಬಿಸಿದರೆ ತಗ್ಗಾದ ಸೇತುವೆಗಳನ್ನು ಬಿಟ್ಟು ದಾರಿ ತೋರಿಸುತ್ತದೆ. ಆದರೆ ಸೇತುವೆಯ ಎತ್ತರವನ್ನು ಯಾರಾದರೂ ನಕ್ಷೆಯಲ್ಲಿ ದಾಖಲಿಸಿದ್ದರೆ ಮಾತ್ರ ಆ ಜಾಣತನಕ್ಕೆ ಅರ್ಥ.

ಗೂಗಲ್ ಮ್ಯಾಪಿನಲ್ಲಿ ಕಾರಿಗೂ ಬೈಕಿಗೂ ಆಯ್ಕೆಯಿದೆ, ಗಾಡಿಯ ಎತ್ತರವನ್ನು ತುಂಬಿಸುವ ಜಾಗವಿಲ್ಲ. ಇಕ್ಕಟ್ಟಾದ ರಸ್ತೆಗಳನ್ನು ತಪ್ಪಿಸುವ ಸೌಲಭ್ಯವನ್ನು ಅದು 2024ರಲ್ಲಿ ಭಾರತದ ಎಂಟು ನಗರಗಳಲ್ಲಿ ಆರಂಭಿಸಿದಾಗ ಕರ್ನಾಟಕದಿಂದ ಬೆಂಗಳೂರೊಂದೇ ಆ ಪಟ್ಟಿಯಲ್ಲಿತ್ತು. ಆದರೂ ವಾಹನ ದಟ್ಟಣೆ ಮತ್ತು ಡೀಸೆಲ್ ಬಂಕ್ ನೋಡಲು ಅದನ್ನು ನಾನು ಬಿಟ್ಟಿಲ್ಲ. ಅದು ಹೇಳುವ ಸಮಯಕ್ಕೆ ಮೂರನೆಯ ಒಂದು ಪಾಲು ಸೇರಿಸಿಕೊಳ್ಳುತ್ತೇನೆ, ಅಷ್ಟೆ.

ನಾನು ನೆಚ್ಚಿಕೊಂಡದ್ದು ಓಸ್ಮ್‌ಆಂಡ್ ಎಂಬ ಆ್ಯಪನ್ನು. ಅದರಲ್ಲಿ ಲಾರಿಯ ಆಯ್ಕೆಯನ್ನು ಒತ್ತಿ ಎತ್ತರ, ಅಗಲ, ತೂಕ ಕೊಡಬಹುದು, ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ಕಡೆಯಲ್ಲೂ ನಡೆಯುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಅದು ಬಳಸುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ನಮ್ಮನ್ನು ಸಿಕ್ಕಿಸಿದ ಆ ಕೆಳಸೇತುವೆಗೆ ಮತ್ತೆ ಹೋಗಿ, ಬಿದಿರಿನ ಗಳಕ್ಕೆ ಅಳತೆಪಟ್ಟಿ ಕಟ್ಟಿ, ರಸ್ತೆಗೆ ಹೊಸದಾಗಿ ಹಾಕಿದ ಡಾಂಬರಿನ ಮೇಲಿಂದಲೇ ಅಳೆದು ಎತ್ತರವನ್ನು ಸೇರಿಸಿದೆವು. ಮುಂದಿನ ತಿಂಗಳ ನಕ್ಷೆಯನ್ನು ಇಳಿಸಿಕೊಂಡ ಮೇಲೆ ಆ್ಯಪು ನಮ್ಮನ್ನು ಸುತ್ತುದಾರಿಯಲ್ಲಿ ಕಳುಹಿಸಿತು. ಸುತ್ತುದಾರಿ ಕಂಡು ಅಷ್ಟು ಸಂತೋಷಪಟ್ಟವರು ನಾವೇ ಇರಬೇಕು.

ಭತ್ತದ ಕೊಯ್ಲಿನ ಕಾಲಕ್ಕೆ ಅರ್ಧ ರಸ್ತೆಯ ಮೇಲೆ ಭತ್ತ ಒಣಗುತ್ತಿರುವುದನ್ನು ಯಾವ ನಕ್ಷೆಯೂ ಹೇಳುವುದಿಲ್ಲ. ಅದಕ್ಕಿಂತ ದೊಡ್ಡ ಚಿಂತೆ ತುಂಗಭದ್ರೆಯದು. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ನಾವು ಬಳ್ಳಾರಿಗೆ ಹೋಗುವ ಕಂಪ್ಲಿ ಸೇತುವೆ ಮುಳುಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋದ ಮೇಲಂತೂ, ಮಳೆಗಾಲದಲ್ಲಿ ಹೊರಡುವ ಮುಂಚೆ ಹೊರಹರಿವಿನ ಕ್ಯೂಸೆಕ್ ಲೆಕ್ಕ ನೋಡಿ, ಸೇತುವೆಯ ಬಳಿ ಚಹಾದಂಗಡಿ ಇಟ್ಟಿರುವ ಪರಿಚಯದವರಿಗೆ ಫೋನ್ ಮಾಡುವುದು ನನಗೆ ರೂಢಿಯಾಗಿದೆ. ಅವರು "ನೀರು ಸೇತುವಿಗೆ ಹತ್ತೈತ್ರಿ" ಎಂದರೆ, ಫೋನಿನ ನಕ್ಷೆ ಏನೇ ತೋರಿಸಲಿ, ಗಾಡಿಯನ್ನು ಕಡೆಬಾಗಿಲು ಸೇತುವೆಯ ಕಡೆಗೆ ತಿರುಗಿಸಿ ಬುಕ್ಕಸಾಗರದ ಮೂಲಕ ಹೋಗುತ್ತೇನೆ.