ಗೇಮ್ ಡಬ್ಬಿಯಲ್ಲಿ ಗ್ರೌಂಡ್ ಸ್ಟೇಷನ್

16 ಫೆಬ್ರವರಿ 2025, ಭಾನುವಾರ
ಬಸವನಗುಡಿ, ಬೆಂಗಳೂರು

ಯಲಹಂಕದ ವಿಮಾನ ಪ್ರದರ್ಶನ ಏರೋ ಇಂಡಿಯಾ ಶುಕ್ರವಾರ ಮುಗಿಯಿತು. ಅದು ನಡೆಯುವಾಗ ಡ್ರೋನ್ ಹೊರಗೆ ತೆಗೆಯುವ ಮಾತೇ ಇರಲಿಲ್ಲ. ಇವತ್ತೂ ಹಾರಿಸಲಿಲ್ಲ ಅನ್ನಿ. ಪ್ರೊಪೆಲರ್ ಬಿಚ್ಚಿಟ್ಟು, ಟೆರೇಸಿನಲ್ಲಿ ಕೂತು, ಅಕ್ಕನ ಮಗನ ಸ್ಟೀಮ್ ಡೆಕ್ಕನ್ನು (ಕೈಯಲ್ಲಿ ಹಿಡಿದು ಗೇಮ್ ಆಡುವ ಪುಟ್ಟ ಕಂಪ್ಯೂಟರ್) ಗ್ರೌಂಡ್ ಸ್ಟೇಷನ್ ಮಾಡಿದೆ, ಅಂದರೆ ಡ್ರೋನನ್ನು ನೆಲದಿಂದ ಗಮನಿಸುವ, ನಿರ್ದೇಶಿಸುವ ಕಂಪ್ಯೂಟರ್. ಹುಡುಗನಿಗೆ ಇದು ಅನ್ಯಾಯ ಅನ್ನಿಸಿತು. "ಮಾಮ, ಇದರಲ್ಲಿ ಗೇಮ್ ಆಡೋದು ಬಿಟ್ಟು ಮ್ಯಾಪ್ ನೋಡ್ತೀಯಾ?" ಅಂದ.

ಬಿಸಿಲಲ್ಲಿ ಲ್ಯಾಪ್‌ಟಾಪ್ ಹೊತ್ತು ನಿಲ್ಲುವುದು ಎಷ್ಟು ಹಿಂಸೆ ಅಂತ ಅವನಿಗೆ ಗೊತ್ತಿಲ್ಲ. ಇದಾದರೆ ಎರಡು ಕೈಯಲ್ಲಿ ಹಿಡಿಯಬಹುದು. 7 ಇಂಚಿನ ಟಚ್ ಸ್ಕ್ರೀನ್ ಇದೆ, ಒಳಗೆ ಲಿನಕ್ಸ್ ಇದೆ. ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ ಡ್ರೋನ್ ನಿಯಂತ್ರಿಸುವ ಸಾಫ್ಟ್‌ವೇರ್ ಕ್ಯೂಗ್ರೌಂಡ್‌ಕಂಟ್ರೋಲ್‌ನ ಆಪ್‌ಇಮೇಜ್ (ಇನ್‌ಸ್ಟಾಲ್ ಮಾಡದೆ ಓಡಿಸುವ ಫೈಲ್) ಇಳಿಸಿಕೊಂಡು, ಅದಕ್ಕೆ ಓಡುವ ಅನುಮತಿ ಕೊಟ್ಟರೆ ತೆರೆದುಕೊಳ್ಳುತ್ತದೆ. ಯುಎಸ್‌ಬಿ-ಸಿ ಪೋರ್ಟ್ ಇರುವುದು ಒಂದೇ, ಅದೂ ಮೇಲಿನ ಅಂಚಿನಲ್ಲಿ. ಡ್ರೋನ್ ಜೊತೆ ಮಾಹಿತಿ ವಿನಿಮಯ ಮಾಡುವ ಟೆಲಿಮೆಟ್ರಿ ರೇಡಿಯೊ ಚುಚ್ಚಿದರೆ ಆಂಟೆನಾ ತಾನಾಗೇ ನೆಟ್ಟಗೆ ನಿಲ್ಲುತ್ತದೆ. ಇದನ್ನು ಮಾಡಿದವರ ತಲೆಯಲ್ಲಿ ಡ್ರೋನ್ ಇದ್ದಿರಲಾರದು, ಆದರೂ ನಮಗೆ ಅನುಕೂಲವೇ ಆಯಿತು. ಆ ರೇಡಿಯೊ ಸೀರಿಯಲ್ ಪೋರ್ಟ್ ಆಗಿ ಕಾಣುತ್ತದೆ; ಅದನ್ನು ಬಳಸಲು ಉಬುಂಟು ಲಿನಕ್ಸಿನಲ್ಲಿ ಬಳಕೆದಾರರ 'ಡಯಲ್‌ಔಟ್' ಗುಂಪಿಗೆ ಸೇರಬೇಕು. ಇದು ಆರ್ಚ್ ಮೂಲದ ಲಿನಕ್ಸ್, ಇಲ್ಲಿ ಆ ಗುಂಪಿನ ಹೆಸರು 'ಯುಯುಸಿಪಿ'.

ಡೆಕ್ಕಿನ ಸ್ಟಿಕ್‌ಗಳದ್ದು ಬೇರೆಯೇ ಕಥೆ. ಡೆಸ್ಕ್‌ಟಾಪ್ ಮೋಡ್‌ನಲ್ಲಿ ಅವು ಮೌಸ್, ಕೀಬೋರ್ಡ್ ತರಹ ವರ್ತಿಸುತ್ತವೆ. ಕ್ಯೂಗ್ರೌಂಡ್‌ಕಂಟ್ರೋಲನ್ನೂ ಒಂದು ಗೇಮ್ ಅಂತ ಸ್ಟೀಮ್‌ಗೆ ಸೇರಿಸಿ, ಗೇಮ್‌ಪ್ಯಾಡ್ ಲೇಔಟ್ ಕೊಟ್ಟು ಅಲ್ಲಿಂದಲೇ ಶುರು ಮಾಡಿದ ಮೇಲೆ ಜಾಯ್‌ಸ್ಟಿಕ್ ಕಾಣಿಸಿತು.

ಕಾಣಿಸಿತು ಅಂತ ಅದರಲ್ಲೇ ಹಾರಿಸಬಹುದಾ? ನನ್ನ ಉತ್ತರ, ಬೇಡ. ಡ್ರೋನ್ ಹಾರಿಸುವ ರಿಮೋಟಿನ ಥ್ರಾಟಲ್ ಸ್ಟಿಕ್ (ಮೋಟಾರಿನ ವೇಗ ಏರಿಸಿ ಇಳಿಸುವ ಕಡ್ಡಿ) ಬಿಟ್ಟಲ್ಲೇ ನಿಲ್ಲುತ್ತದೆ. ಗೇಮ್ ಸ್ಟಿಕ್ ಬಿಟ್ಟ ಕೂಡಲೇ ಸ್ಪ್ರಿಂಗ್ ಎಳೆದು ನಡುವಿಗೆ ಬರುತ್ತದೆ. ಲಾಯ್ಟರ್ ಮೋಡ್‌ನಲ್ಲಿ (ಡ್ರೋನ್ ತಾನೇ ಒಂದೆಡೆ ನಿಲ್ಲುವ ವಿಧಾನ) ನಡು ಅಂದರೆ ಇದ್ದ ಎತ್ತರದಲ್ಲೇ ಇರು ಅಂತ ಅರ್ಥ, ಅದು ಸರಿ. ಸ್ಟೆಬಿಲೈಸ್ ಮೋಡ್‌ನಲ್ಲಿ ಆ ಎತ್ತರ ಹಿಡಿಯುವವರು ಯಾರೂ ಇಲ್ಲ. ಇಳಿಸುತ್ತಿರುವಾಗ ಬೆರಳು ಜಾರಿದರೆ ಥ್ರಾಟಲ್ ನಡುವಿಗೆ ಹಾರಿ, ಯಂತ್ರ ಎಗರಬಹುದು.

ಇನ್ನೊಂದು, ತಡ. ಸ್ಟಿಕ್‌ನ ಚಲನೆ ಮ್ಯಾವ್‌ಲಿಂಕ್ ಎಂಬ ಡ್ರೋನ್ ಸಂದೇಶ ಭಾಷೆಯಲ್ಲಿ ಹೋಗುತ್ತದೆ; ಅದರ ಹಳೆಯ ಆವೃತ್ತಿಯಲ್ಲಿ ಒಂದೊಂದು ಸಂದೇಶ 19 ಬೈಟ್. ಸೆಕೆಂಡಿಗೆ 25 ಸಲ ಕಳಿಸಿದರೂ 475 ಬೈಟ್. 57600 ಬಾಡ್ ವೇಗದ ರೇಡಿಯೊ ಲಿಂಕಿಗೆ ಅದೇನೂ ಭಾರವಲ್ಲ. ಆದರೆ ನನ್ನ ಟೆಲಿಮೆಟ್ರಿ ರೇಡಿಯೊ 'ಸಿಕ್' ಬಗೆಯದು, ಇಂಥವು ಸರದಿಯಲ್ಲಿ ಮಾತಾಡುತ್ತವೆ, ಒಂದು ಮುಗಿಸಿದ ಮೇಲೆ ಇನ್ನೊಂದು. ನಿಮ್ಮ ಹೆಬ್ಬೆರಳಿನ ಆಜ್ಞೆ ತನ್ನ ಸರದಿ ಬರುವ ತನಕ ಕಾಯಬೇಕು. ಮ್ಯಾಪ್ ನೋಡುವವನಿಗೆ ಅದು ಗೊತ್ತೇ ಆಗಲ್ಲ. ಮರದ ಪಕ್ಕದಲ್ಲಿ ಹಾರಿಸುವವನಿಗೆ ಗೊತ್ತಾಗುತ್ತದೆ.

ನನ್ನನ್ನು ಜಾಸ್ತಿ ಕಾಡಿದ್ದು ಪವರ್ ಬಟನ್. ಅದೂ ಮೇಲಿನ ಅಂಚಿನಲ್ಲೇ ಇದೆ. ಗೇಮ್ ಆಡುವವರು ಅದನ್ನು ಒತ್ತಿ, ಮಲಗಿಸಿ, ಎದ್ದು ಹೋಗುತ್ತಾರೆ. ಗ್ರೌಂಡ್ ಸ್ಟೇಷನ್ ಮಲಗಿದರೆ? ಡ್ರೋನ್ ಒಳಗೆ ಓಡುವ ಆರ್ಡುಪೈಲಟ್ ಸಾಫ್ಟ್‌ವೇರ್‌ನಲ್ಲಿ ಇದಕ್ಕೆಂದೇ ಜಿಸಿಎಸ್ ಫೇಲ್‌ಸೇಫ್ (ಗ್ರೌಂಡ್ ಸ್ಟೇಷನ್ ಸಂಪರ್ಕ ತಪ್ಪಿದರೆ ತಾನಾಗೇ ನಡೆಯುವ ಸುರಕ್ಷತಾ ಕ್ರಮ) ಇದೆ, ಆದರೆ ಅದರ ಕಾಪ್ಟರ್ ಆವೃತ್ತಿಯಲ್ಲಿ ಮೊದಲಿಗೆ ಅದು ಆಫ್ ಆಗಿರುತ್ತದೆ. ನಾವೇ ಆನ್ ಮಾಡಬೇಕು. ಮಾಡಿದೆ. ಸುಮ್ಮನೆ ನಿಂತರೆ 10 ಸೆಕೆಂಡಿಗೆ ತಾನಾಗೇ ಡಿಸಾರ್ಮ್ ಆಗುವ (ಮೋಟಾರು ನಿಂತುಹೋಗುವ) ಸೆಟ್ಟಿಂಗ್ ಬೇರೆ ಇದೆಯಲ್ಲ, ಗೊಂದಲ ಬೇಡ ಅಂತ ಅದನ್ನು ತೆಗೆದಿಟ್ಟೆ.

ಲಾಯ್ಟರ್‌ನಲ್ಲಿ ಆರ್ಮ್ ಮಾಡಿದೆ. ರೆಕ್ಕೆ ಇಲ್ಲದ ನಾಲ್ಕು ಮೋಟಾರು ಸುಯ್ಯೆಂದು ತಿರುಗತೊಡಗಿದವು. "ಒತ್ತು" ಅಂದೆ. ಹುಡುಗ ಬಟನ್ ಒತ್ತಿದ, ಸ್ಕ್ರೀನ್ ಕಪ್ಪಾಯಿತು. ಮೋಟಾರು ಮಾತ್ರ ಏನೂ ಆಗದವರ ಹಾಗೆ ತಿರುಗುತ್ತಲೇ ಇದ್ದವು. ಒಂದು, ಎರಡು ಅಂತ ಅವನು ಎಣಿಸಿದ. ಐದರ ಹೊತ್ತಿಗೆ ನಾಲ್ಕೂ ನಿಂತವು. ನೆಲದ ಮೇಲಿದ್ದರೆ ಡಿಸಾರ್ಮ್ ಆಗುತ್ತದೆ, ಗಾಳಿಯಲ್ಲಿದ್ದರೆ ಹೊರಟ ಜಾಗಕ್ಕೆ ವಾಪಸ್ ಬರಬೇಕು. ಕಾಯುವ ಅವಧಿ 5 ಸೆಕೆಂಡ್. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಅಷ್ಟರಲ್ಲಿ 50 ಮೀಟರ್! ನಮ್ಮ ಬೀದಿಯ ಲೆಕ್ಕದಲ್ಲಿ ಎಷ್ಟು ಮನೆ ಅಂತ ನೀವೇ ನೋಡಿ. ಆದ್ದರಿಂದ ರಿಮೋಟ್ ಕುತ್ತಿಗೆಯಲ್ಲಿ ಇರಲೇಬೇಕು. ಡೆಕ್ ಇರುವುದು ಮಿಷನ್ (ಹಾರುವ ದಾರಿ) ಹಾಕಲು, ಬ್ಯಾಟರಿ ವೋಲ್ಟೇಜ್ ನೋಡಲು. ಮೋಡ್ ಬದಲಿಸುವ ಕೆಲಸವನ್ನೂ ಅದರ ಬಟನ್‌ಗಳಿಗೆ ಕೊಡಬಹುದು.

ಮಧ್ಯಾಹ್ನ ಹನ್ನೆರಡಾದಾಗ ಸ್ಕ್ರೀನಲ್ಲಿ ನನ್ನ ಮುಖವೇ ಕಂಡಿತು. ಇದು ಹಳೆಯ ಎಲ್‌ಸಿಡಿ ಮಾದರಿ, ಬೆಳಕು 400 ನಿಟ್ಸ್. ಫೆಬ್ರವರಿ ಬಿಸಿಲಿಗೇ ಸೋಲುತ್ತದೆ. ರಟ್ಟು ಕತ್ತರಿಸಿ, ಒಳಗೆ ಕಪ್ಪು ಬಣ್ಣ ಬಳಿದು ಒಂದು ಮರೆ ಮಾಡಬೇಕು.

ಇನ್ನು ನಿಜವಾಗಿ ಹಾರಿಸುವುದು. ಡ್ರೋನ್ ರೂಲ್ಸ್ 2021ರ ಪ್ರಕಾರ ಹಸಿರು ವಲಯದಲ್ಲಿ (ಮುಂಚಿತ ಅನುಮತಿ ಬೇಡದ ಜಾಗ) 400 ಅಡಿ ತನಕ ಹೋಗಬಹುದು. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ನಡುವೆ ಆದರೆ 200 ಅಡಿ. ದೇವನಹಳ್ಳಿ, ಎಚ್‌ಎಎಲ್, ಯಲಹಂಕ, ಜಕ್ಕೂರು ವಿಮಾನ ನೆಲೆಗಳೆಲ್ಲ ಸುತ್ತಲೂ ಇರುವ ಊರು ನಮ್ಮದು. ಮಾಗಡಿ ಕಡೆ ಗೆಳೆಯನ ಜಮೀನಿದೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಅದರ ಬಣ್ಣ ನೋಡಿಕೊಂಡೇ ಹೊರಡುವುದು. ಅಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ, ಹಾಗಾಗಿ ಆಫ್‌ಲೈನ್ ಮ್ಯಾಪನ್ನು ಇವತ್ತು ರಾತ್ರಿ ಮನೆಯ ವೈಫೈನಲ್ಲೇ ಇಳಿಸಿಕೊಳ್ಳುತ್ತೇನೆ. ಹುಡುಗ ಊಟ ಮುಗಿಸಿ ಡೆಕ್ ಕೇಳುವ ಮೊದಲು.