ನಮ್ಮ ಅಮೋನಿಯಂ ಸರ್

ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಯಾರ ಬಗ್ಗೆ ಬರೆಯಲಿ ಎಂದು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ನಮ್ಮ ಬ್ಯಾಚಿನವರು ಮುಂಬಯಿಯ ಮಾಟುಂಗದಲ್ಲಿ ಸಿಗಲಿ, ಡೊಂಬಿವಲಿಯಲ್ಲಿ ಸಿಗಲಿ, ಯಾರದೋ ಮಗಳ ಮದುವೆಯ ಊಟದ ಪಂಕ್ತಿಯಲ್ಲಿ ಸಿಗಲಿ, ಮಾತು ಸುತ್ತಿ ಸುತ್ತಿ ಬರುವುದು ನಮ್ಮ ಕೆಮಿಸ್ಟ್ರಿ ಮೇಷ್ಟ್ರು ಅಮೋನಿಯಂ ಸರ್ ಹತ್ತಿರವೇ. ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಅಡ್ಡಹೆಸರು ಅವರಿಗೂ ಗೊತ್ತಿತ್ತು. ಬೇಜಾರೇನೂ ಇರಲಿಲ್ಲ.

ನಾವು ಹನ್ನೊಂದನೇ ಕ್ಲಾಸಿಗೆ ಬಂದದ್ದು 1986ರಲ್ಲಿ. ಹತ್ತರವರೆಗೆ ಕನ್ನಡ ಮೀಡಿಯಂ. ಆಮೇಲೆ ಒಮ್ಮೆಲೇ ಎಲ್ಲವೂ ಇಂಗ್ಲಿಷ್. ಸರ್ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದು, ನಮ್ಮ ಕಡೆ ತಿರುಗಿ ಧಾರವಾಡದ ಕನ್ನಡದಲ್ಲಿ ಹೇಳುತ್ತಿದ್ದರು. ನಾವು ಹೆಚ್ಚಿನವರು ಉಡುಪಿ, ಕುಂದಾಪುರ, ಮಂಗಳೂರು ಕಡೆಯವರ ಮಕ್ಕಳು. ಮನೆಯಲ್ಲಿ ತುಳು, ಕೊಂಕಣಿ. ಚಾಳಿನಲ್ಲಿ ಮರಾಠಿ. ಅವರ ಕನ್ನಡ ಕಿವಿಗೆ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕಾಯಿತು. ಕೆಮಿಸ್ಟ್ರಿ ಮಾತ್ರ ಅದಕ್ಕಿಂತ ಬೇಗ ಹೊಂದಿಕೊಂಡಿತು!

ಅಮೋನಿಯಂ ಪಾಠದ ದಿನ ಅವರು ಪುಸ್ತಕ ತೆರೆಯಲಿಲ್ಲ. ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಇನ್ನೊಂದು ಜೇಬಿನಿಂದ ಎಲೆಯಡಿಕೆಯ ಚಂಚಿ. ಪೊಟ್ಟಣದಲ್ಲಿದ್ದದ್ದು ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಅದರ ಒಂದು ಚಿಟಿಕೆಯನ್ನು ತಮ್ಮ ಅಂಗೈ ಮೇಲೆ ಹಾಕಿಕೊಂಡು ಮುಂದಿನ ಬೆಂಚಿನ ಹುಡುಗನ ಮೂಗಿನ ಹತ್ತಿರ ಹಿಡಿದರು. "ಏನಾರ ವಾಸನಿ ಬಂತೇನು, ತಮ್ಮಾ?" ಇಲ್ಲ ಸರ್ ಅಂದ. ಚಂಚಿಯೊಳಗಿನ ಡಬ್ಬಿಯಿಂದ ಉಗುರಿನ ತುದಿಯಷ್ಟು ಸುಣ್ಣ ತೆಗೆದು ಅದರ ಮೇಲಿಟ್ಟು ಬೆರಳಿನಿಂದ ತಿಕ್ಕಿದರು. ಮತ್ತೆ ಕೈ ಮುಂದೆ ಹಿಡಿದರು. ಹುಡುಗ ತಲೆ ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ಹಿಂದಿನ ಬೆಂಚಿಗೆ ಬಡಿಯಿತು. ಕಣ್ಣಲ್ಲಿ ನೀರು.

"ಮೂಗಿಗೆ ಬಡೀತು ಅಂದ್ರ ಅದು ಅಮೋನಿಯಾ. ಅಮೋನಿಯಂ ನಾರೂದಿಲ್ಲ. ಅದು ಭಾಳ ಸಂಭಾವಿತ."

ಅಮೋನಿಯಾ ಒಂದು ಅನಿಲ. ಒಂದು ಸಾರಜನಕ, ಮೂರು ಜಲಜನಕ. ಸಾರಜನಕದ ಹತ್ತಿರ ಯಾರಿಗೂ ಕೊಡದೆ ಉಳಿದ ಒಂದು ಜೋಡಿ ಎಲೆಕ್ಟ್ರಾನ್ ಇರುತ್ತದೆ. ಆಮ್ಲ ಎದುರಾದರೆ ಸಾಕು, ಆ ಜೋಡಿಯ ಮೇಲೆ ಒಂದು ಪ್ರೋಟಾನ್, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಜಲಜನಕ, ಬಂದು ಕೂರುತ್ತದೆ. ಆಗ ಅದು ಅಮೋನಿಯಂ. ಮೈಮೇಲೆ ಒಂದು ಧನ ವಿದ್ಯುದಂಶ ಬಂದಮೇಲೆ ಅದು ಗಾಳಿಗೆ ಹಾರಲಾರದು. ಉಪ್ಪಿನ ಹರಳಿನಲ್ಲೋ ನೀರಿನಲ್ಲೋ ಇರಬೇಕು. ಹಾರದಿದ್ದರೆ ಮೂಗಿಗೆ ತಲುಪುವುದು ಹೇಗೆ? ಸುಣ್ಣ ಆ ಪ್ರೋಟಾನನ್ನು ಕಸಿದುಕೊಂಡು ನೀರಾಗಿಸುತ್ತದೆ. ಅಮೋನಿಯಾ ಬಿಡುಗಡೆಯಾಗುತ್ತದೆ. ನಾವು ಆಮೇಲೆ ಎರಡು ವರ್ಷ ಕಲಿತ ಅರ್ಧ ಕೆಮಿಸ್ಟ್ರಿ ಇಷ್ಟರಲ್ಲೇ ಇತ್ತು: ಪ್ರೋಟಾನ್ ಕೊಟ್ಟವರು ಯಾರು, ಕಸಿದವರು ಯಾರು.

ನಾಲ್ಕನೇ ಜಲಜನಕ ಉಳಿದ ಮೂರರ ಹಾಗೆಯೇ ಹೇಗಾಗುತ್ತದೆ ಎಂಬುದು ನಮ್ಮ ತಲೆಗೆ ಹೋಗಲಿಲ್ಲ. ಸರ್ ಲೋಕಲ್ ಟ್ರೈನಿಗೆ ಕರೆದುಕೊಂಡು ಹೋದರು, ಅಂದರೆ ಮಾತಿನಲ್ಲಿ. ಮೂರು ಜನರ ಬೆಂಚು. ನಾಲ್ಕನೆಯವನು ಬಂದು "ಥೋಡಾ ಸರಕೋ", ಸ್ವಲ್ಪ ಸರಿಯಿರಿ, ಅನ್ನುತ್ತಾನೆ. ಕುರ್ಲಾದಿಂದ ವಿಟಿವರೆಗೂ ಅವನ ಅರ್ಧ ಮೈ ಹೊರಗೇ. ಅಮೋನಿಯಂನಲ್ಲಿ ಹಾಗಲ್ಲ. ನಾಲ್ಕನೆಯವನು ಕೂತಮೇಲೆ ನಾಲ್ವರಿಗೂ ಒಂದೇ ಜಾಗ. ಕೊನೆಗೆ ಬಂದವನು ಯಾರೆಂದು ಅವನಿಗೇ ಗೊತ್ತಿರುವುದಿಲ್ಲ. ಅಷ್ಟೇ ಅಲ್ಲ, ಎಲ್ಲರಿಗೂ ಜಾಗ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಅಮೋನಿಯಾದಲ್ಲಿ ಎರಡು ಜಲಜನಕಗಳ ನಡುವಿನ ಕೋನ ಸುಮಾರು 107 ಡಿಗ್ರಿ. ಆ ಒಂಟಿ ಜೋಡಿ ಉಳಿದವರನ್ನು ಒತ್ತುತ್ತಿರುತ್ತದೆ. ಅಮೋನಿಯಂನಲ್ಲಿ ಅದು 109.5 ಡಿಗ್ರಿ. ಸರಿಯಾದ ಚತುರ್ಮುಖಿ. ಹಾರ್ಬರ್ ಲೈನಿನಲ್ಲಿ ಹೀಗಾಗುವುದನ್ನು ನಾನಂತೂ ನೋಡಿಲ್ಲ.

ಅವರು ನವಸಾಗರ ತಂದದ್ದು ಕೆಮಿಕಲ್ ಅಂಗಡಿಯಿಂದಲ್ಲ, ಕಲಾಯಿ ಹಾಕುವವನಿಂದ. ಮುಂದಿನ ವಾರ ನಮ್ಮನ್ನು ಅಲ್ಲಿಗೇ ಕರೆದುಕೊಂಡು ಹೋದರು. ಶಾಲೆಯ ಹಿಂದಿನ ಗಲ್ಲಿಯ ತಿರುವಿನಲ್ಲಿ ಅವನು ನೆಲದಲ್ಲಿ ಗುಂಡಿ ತೋಡಿ, ಇದ್ದಲು ಹಾಕಿ, ತಿದಿ ಒತ್ತುತ್ತಾ ಕೂತಿರುತ್ತಿದ್ದ. ಅಪ್ಪ ಕೆಲಸ ಮಾಡುತ್ತಿದ್ದ ಮಾಟುಂಗದ ಹೋಟೆಲಿನ ಸಾಂಬಾರಿನ ದೊಡ್ಡ ತಾಮ್ರದ ಪಾತ್ರೆಗಳಿಗೂ ಅವನದೇ ಕಲಾಯಿ. ನಾನು ಚಿಕ್ಕಂದಿನಿಂದ ನೋಡಿದ್ದ ಕೆಲಸವೇ. ಆದರೆ ಏನು ನಡೆಯುತ್ತಿದೆ ಎಂದು ಆವತ್ತು ನೋಡಿದೆ.

ಪಾತ್ರೆಯನ್ನು ಬೆಂಕಿಯ ಮೇಲೆ ತಿರುಗಿಸಿ ತಿರುಗಿಸಿ ಕಾಯಿಸುತ್ತಾನೆ. ತಾಮ್ರ ಕಪ್ಪಾಗುತ್ತದೆ. ಗಾಳಿಯ ಆಮ್ಲಜನಕ ಹಿಡಿದುಕೊಂಡ ಪದರ ಅದು. ಅದರ ಮೇಲೆ ತವರ ಕೂರುವುದಿಲ್ಲ. ಆಗ ಒಂದು ಹಿಡಿ ನವಸಾಗರ ಎಸೆದು ಹತ್ತಿಯಿಂದ ತಿಕ್ಕುತ್ತಾನೆ. ಬುಸ್ಸೆಂದು ಬಿಳಿ ಹೊಗೆ. ಹೊಗೆಯ ಅಡಿಯಲ್ಲಿ, ಹತ್ತಿ ಹೋದಲ್ಲೆಲ್ಲ ತಾಮ್ರ ಗುಲಾಬಿ ಬಣ್ಣಕ್ಕೆ ಬರುತ್ತದೆ. ತವರದ ಕಡ್ಡಿಯನ್ನು ಅಲ್ಲಿ ಮುಟ್ಟಿಸುತ್ತಾನೆ. ತವರ ಕರಗುವುದು 232 ಡಿಗ್ರಿಗೆ, ಕಡ್ಡಿಯ ತುದಿ ಕ್ಷಣದಲ್ಲಿ ನೀರಾಗುತ್ತದೆ. ಅದೇ ಹತ್ತಿಯಿಂದ ಒರೆಸಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿಯ ಹೊಳಪು. ಆಮೇಲೆ ನೀರಿಗೆ ಅದ್ದುವುದು, ಚುಂಯ್ ಎನ್ನುವ ಸದ್ದು, ಮುಂದಿನ ಪಾತ್ರೆ.

ಸರ್ ಕೇಳಿದ್ದು ಒಂದೇ ಪ್ರಶ್ನೆ. "ಆ ಬಿಳಿ ಹೊಗಿ ಏನು?"

ನಾವು ಅಮೋನಿಯಾ ಅಂದೆವು. ಅಮೋನಿಯಾಕ್ಕೆ ಬಣ್ಣವೇ ಇಲ್ಲ. ಹೈಡ್ರೋಜನ್ ಕ್ಲೋರೈಡ್ ಅಂದರು ಇಬ್ಬರು. ಅದಕ್ಕೂ ಬಣ್ಣವಿಲ್ಲ. ಕಾವಿಗೆ ನವಸಾಗರ ಎರಡು ಅನಿಲಗಳಾಗಿ ಒಡೆಯುತ್ತದೆ. ಕ್ಲೋರೈಡು ತನ್ನ ಪಕ್ಕದ ಅಮೋನಿಯಂನಿಂದ ಪ್ರೋಟಾನನ್ನು ತೆಗೆದುಕೊಂಡು ಹೈಡ್ರೋಜನ್ ಕ್ಲೋರೈಡ್ ಆಗುತ್ತದೆ. ಅದು ತಾಮ್ರದ ಮೇಲಿನ ಕಪ್ಪು ಪದರವನ್ನು ತಿಂದುಹಾಕುತ್ತದೆ. ಉಳಿದ ಅಮೋನಿಯಾ, ಉಳಿದ ಹೈಡ್ರೋಜನ್ ಕ್ಲೋರೈಡ್ ಮೇಲೇರಿ ತಂಪು ಗಾಳಿ ಸೋಕಿದೊಡನೆ ಮತ್ತೆ ಒಂದಾಗುತ್ತವೆ. ಹೊಗೆ ಎಂದು ಕಾಣುವುದು ನವಸಾಗರದ್ದೇ ಸಣ್ಣ ಸಣ್ಣ ಹರಳುಗಳು. ಅಲ್ಲಿಂದ ವಾಪಸ್ ಬಂದು ಲ್ಯಾಬಿನಲ್ಲಿ ಗಾಜಿನ ಕಡ್ಡಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ಅಮೋನಿಯಾ ಬರುತ್ತಿದ್ದ ಪ್ರನಾಳದ ಬಾಯಿಗೆ ಹಿಡಿಸಿದರು. ಅದೇ ಬಿಳಿ ಹೊಗೆ. ಪುಸ್ತಕದಲ್ಲಿ 'ದಟ್ಟ ಬಿಳಿ ಧೂಮ' ಎಂದು ಬರೆದದ್ದು ಗಲ್ಲಿಯವನ ಹೊಗೆಯೇ ಎಂದು ಆಗ ಗೊತ್ತಾಯಿತು. ಕಲಾಯಿಯವನ ಹತ್ತಿರ ನಾವು ನಿಂತಿದ್ದಷ್ಟು ಹತ್ತಿರ ಈಗಿನ ಮಕ್ಕಳನ್ನು ಯಾರೂ ನಿಲ್ಲಿಸುವುದಿಲ್ಲ ಬಿಡಿ. ಒಳ್ಳೆಯದೇ.

ಅರಿಶಿನ ಕಾಗದದ ಪರೀಕ್ಷೆ ಹೇಳಿಕೊಡುವಾಗ ಅವರಿಗೆ ಕಷ್ಟವೇ ಆಗಲಿಲ್ಲ. ಒದ್ದೆ ಮಾಡಿದ ಅರಿಶಿನದ ಕಾಗದ ಅಮೋನಿಯಾ ತಾಗಿದರೆ ಕೆಂಪುಕಂದು ಬಣ್ಣಕ್ಕೆ ತಿರುಗುತ್ತದೆ. ಹುಡುಗಿಯರು ಕೂಡಲೇ ಹೇಳಿದರು, ಇದು ಆರತಿಯ ಓಕುಳಿ ನೀರು ಅಲ್ವಾ ಸರ್. ಅರಿಶಿನ, ಸುಣ್ಣ, ಕೆಂಪು. ಹೌದು, ಅದೇ.

ಬೇಕರಿಯ ಮಾತೂ ಬಂತು. ಬೇಕರಿಯವರು ಅಮೋನಿಯಾ ಎನ್ನುವ ಬಿಳಿ ಪುಡಿ ಅಮೋನಿಯಂ ಬೈಕಾರ್ಬೊನೇಟ್. ಒಲೆಯ ಕಾವಿಗೆ ಅದು ಅಮೋನಿಯಾ, ಇಂಗಾಲದ ಡೈಆಕ್ಸೈಡ್, ನೀರಾವಿ ಆಗಿ ಪೂರ್ತಿ ಹೊರಟುಹೋಗುತ್ತದೆ. ತೆಳ್ಳಗಿನ ಬಿಸ್ಕತ್ತಿಗೆ ಸರಿ. ದಪ್ಪ ಕೇಕಿಗೆ ಹಾಕಿದರೆ ಅಮೋನಿಯಾ ಒಳಗೇ ಸಿಕ್ಕಿಕೊಳ್ಳುತ್ತದೆ, ತಿನ್ನುವವರ ಗತಿ ಅಷ್ಟೇ. ಮೀನಿಗೆ ನಿಂಬೆ ಹಿಂಡುವುದೂ ಇದೇ ಲೆಕ್ಕ ಎಂದರು. ಮೀನಿನ ವಾಸನೆಯ ಟ್ರೈಮಿಥೈಲಮೀನ್ ಅಮೋನಿಯಾದ ದಾಯಾದಿ. ಹುಳಿ ಅದಕ್ಕೆ ಪ್ರೋಟಾನ್ ಕೊಟ್ಟು ಕೂರಿಸುತ್ತದೆ. ಸರ್ ಶುದ್ಧ ಸಸ್ಯಾಹಾರಿ. ಬಂಗುಡೆಯ ವಿಷಯದಲ್ಲಿ ನಮಗೆ ಪಾಠ ಹೇಳಿದ ಧೈರ್ಯಕ್ಕೆ ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಪೊಟ್ಯಾಸಿಯಂ ಜೊತೆಗಿನ ಹೋಲಿಕೆ ಅವರಿಗೆ ತುಂಬಾ ಇಷ್ಟದ ವಿಷಯ. ಲೋಹವೇ ಅಲ್ಲದ ಅಮೋನಿಯಂ ಲೋಹದ ಅಯಾನುಗಳ, ಅಂದರೆ ವಿದ್ಯುದಂಶ ಹೊತ್ತ ಕಣಗಳ, ಪಂಕ್ತಿಯಲ್ಲಿ ಆರಾಮಾಗಿ ಕೂರುತ್ತದೆ. ಕಾರಣ ಗಾತ್ರ. ಅದು ಪೊಟ್ಯಾಸಿಯಂ ಅಯಾನಿಗಿಂತ ಸ್ವಲ್ಪ ದೊಡ್ಡದು, ರುಬಿಡಿಯಂಗಿಂತ ಸ್ವಲ್ಪ ಚಿಕ್ಕದು, ಮೈಮೇಲೆ ಅಷ್ಟೇ ವಿದ್ಯುದಂಶ. ಒಂದು ದೀಪಾವಳಿ ರಜೆಗೆ ಎರಡು ಬೀಕರಿನಲ್ಲಿ ಹರಳು ಬೆಳೆಯಲು ಬಿಟ್ಟರು. ಒಂದರಲ್ಲಿ ಕ್ಷೌರದಂಗಡಿಯಲ್ಲಿ ಸಿಗುವಂಥ ಪಟಿಕ, ಅಂದರೆ ಪೊಟ್ಯಾಶ್ ಪಟಿಕ. ಇನ್ನೊಂದರಲ್ಲಿ ಅಮೋನಿಯಂ ಪಟಿಕ. ರಜೆ ಮುಗಿಸಿ ಬಂದಾಗ ದಾರಕ್ಕೆ ನೇತುಬಿದ್ದಿದ್ದ ಎರಡೂ ಹರಳುಗಳು ಎಂಟು ಮುಖದವು, ಗಾಜಿನ ಹಾಗೆ ನಿಚ್ಚಳ. ಯಾವುದು ಯಾವುದು? ಕಣ್ಣಿಗೆ ಗೊತ್ತಾಗುವಂತಿರಲಿಲ್ಲ. ಎರಡನ್ನೂ ಸ್ವಲ್ಪ ಕೆರೆದು ಸುಣ್ಣದ ಜೊತೆ ತಿಕ್ಕಿದರು. ಒಂದು ನಾರಿತು.

ಪೊಟ್ಯಾಸಿಯಂ ಪತ್ತೆಗೆ ಹಾಕುವ ಸೋಡಿಯಂ ಕೋಬಾಲ್ಟಿನೈಟ್ರೈಟಿಗೂ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ, ಎರಡಕ್ಕೂ ಹಳದಿ ಒತ್ತರ, ಅಂದರೆ ತಳದಲ್ಲಿ ಕೂರುವ ಪುಡಿ, ಕೊಡುತ್ತದೆ. ಆದ್ದರಿಂದ ಪೊಟ್ಯಾಸಿಯಂ ಹುಡುಕುವ ಮೊದಲು ಅಮೋನಿಯಂ ಅನ್ನು ಕಾಯಿಸಿ ಓಡಿಸಬೇಕು. ಹಳೆಯ ಕಾಲದ ದೊಡ್ಡವರಿಗೂ ಇದೇ ಗುಮಾನಿ ಇತ್ತು, ಇದು ಲೋಹವೇ ಇರಬೇಕೇನೋ ಎಂದು. 1808ರಲ್ಲಿ ಬರ್ಜೀಲಿಯಸ್ ಮತ್ತು ಪೊಂಟಿನ್ ಪಾದರಸ ಇಟ್ಟು ಅಮೋನಿಯಾ ದ್ರಾವಣದಲ್ಲಿ ವಿದ್ಯುತ್ ಹರಿಸಿದಾಗ ಪಾದರಸ ಉಬ್ಬಿ ಬೆಣ್ಣೆಯಂತಾಯಿತು. ಸೋಡಿಯಂ, ಪೊಟ್ಯಾಸಿಯಂ ಪಾದರಸದಲ್ಲಿ ಸೇರಿದಂತೆಯೇ ಇದೂ ಸೇರಿತ್ತು. ಲೋಹ ಹೊರತೆಗೆಯೋಣ ಎಂದು ಹೋದರೆ ಸಿಗುವುದು ಅಮೋನಿಯಾ, ಜಲಜನಕ, ಮತ್ತೆ ಅದೇ ಪಾದರಸ. ಸರ್ ಈ ಕತೆಯನ್ನು ಪತ್ತೇದಾರಿ ಕತೆಯಂತೆ ಹೇಳುತ್ತಿದ್ದರು, ಬೆಲ್ ಹೊಡೆದರೂ ನಿಲ್ಲಿಸುತ್ತಿರಲಿಲ್ಲ.

ಚೆಂಬೂರಿನಿಂದ ಬರುವ ಹುಡುಗರು ಜಾಸ್ತಿ ಇದ್ದುದರಿಂದ ಗೊಬ್ಬರದ ಪಾಠಕ್ಕೆ ಟ್ರಾಂಬೆಯ ಆರ್‌ಸಿಎಫ್ ಕಾರ್ಖಾನೆಯೇ ಉದಾಹರಣೆ. ಗಾಳಿಯ ಸಾರಜನಕಕ್ಕೆ ಜಲಜನಕ ಕೂಡಿಸಿ ಅಮೋನಿಯಾ ಮಾಡುವ ದಾರಿಯನ್ನು ಹೇಬರ್ ತೋರಿಸಿದ್ದು 1909ರಲ್ಲಿ. ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದು 1913ರಲ್ಲಿ ಜರ್ಮನಿಯ ಒಪ್ಪಾವಿನಲ್ಲಿ ಶುರು ಮಾಡಿದ. ಟ್ರಾಂಬೆಯ ಸುಫಲಾ ಗೊಬ್ಬರದ ಚೀಲದ ಮೇಲಿನ 15:15:15ರಲ್ಲಿ ಮೊದಲ 15 ಸಾರಜನಕ. ಅದರಲ್ಲಿ ಒಂದು ಪಾಲು ಅಮೋನಿಯಂ, ಇನ್ನೊಂದು ನೈಟ್ರೇಟ್. ಜೇಡಿಮಣ್ಣಿನ ಕಣಗಳಿಗೆ ಋಣ ವಿದ್ಯುದಂಶ. ಹಾಗಾಗಿ ಅವು ಅಮೋನಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತವೆ, ನೈಟ್ರೇಟ್ ಮಳೆಗೆ ತೊಳೆದುಹೋಗುತ್ತದೆ. ಊರಿನಲ್ಲಿ ತಮ್ಮ ಅಣ್ಣ ಹೊಲಕ್ಕೆ ಸುಣ್ಣವನ್ನೂ ಅಮೋನಿಯಂ ಸಲ್ಫೇಟನ್ನೂ ಒಟ್ಟಿಗೆ ಬೆರೆಸಿ ಹಾಕಿದ್ದನ್ನು ಹೇಳಿ ಸರ್ ನಗುತ್ತಿದ್ದರು. "ರೊಕ್ಕ ಕೊಟ್ಟು ತಂದ ಗೊಬ್ಬರ, ಗಾಳಿಗೆ ದಾನಾ ಮಾಡ್ಯಾನ." ಅಂಗೈ ಮೇಲಿನ ಆಟವೇ, ಎಕರೆಗಟ್ಟಲೆ.

ಕಾಯಿಸಿದ ಅಮೋನಿಯಂ ಉಪ್ಪುಗಳೆಲ್ಲ ನವಸಾಗರದಂತೆ ಒಡೆದು ಮತ್ತೆ ಕೂಡುವುದಿಲ್ಲ ಎಂಬ ಎಚ್ಚರಿಕೆಯನ್ನೂ ಅವರು ಗಟ್ಟಿಯಾಗಿ ಹೇಳುತ್ತಿದ್ದರು. ಜೊತೆಗಿರುವ ಋಣ ಅಯಾನು ಆಮ್ಲಜನಕ ಕೊಡುವಂಥದ್ದಾದರೆ ಅದು ಅಮೋನಿಯಂ ಅನ್ನೇ ಸುಡುತ್ತದೆ. ಡೈಕ್ರೋಮೇಟ್ ಆದರೆ ಕಿತ್ತಳೆ ಪುಡಿ ಹಸಿರು ಬೂದಿಯಾಗುವ 'ಜ್ವಾಲಾಮುಖಿ'. ನೈಟ್ರೇಟನ್ನು ಹದವಾಗಿ ಕಾಯಿಸಿದರೆ ನಗಿಸುವ ಅನಿಲ. ಹದ ತಪ್ಪಿದರೆ ಏನು ಎಂಬುದನ್ನು 2020ರ ಆಗಸ್ಟ್ 4ರಂದು ಬೈರುತ್ ಬಂದರಿನಲ್ಲಿ ಎಲ್ಲರೂ ಟಿವಿಯಲ್ಲಿ ನೋಡಿದರು. ಅಲ್ಲಿ ಗೋದಾಮಿನಲ್ಲಿ ಇಟ್ಟಿದ್ದದ್ದು ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್. ಆವತ್ತು ರಾತ್ರಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಬಂದ ಮೊದಲ ಮೆಸೇಜ್, "ಸರ್ ಹೇಳಿದ್ದರಲ್ವಾ?"

ನಾನು ಈಗ ಠಾಣೆಯಲ್ಲಿ ನೀರು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ಹೊಟ್ಟೆಪಾಡೇ ಅಮೋನಿಯಂ ಆಗಿಹೋಗಿದೆ ಅನ್ನಬಹುದು. ಕುಡಿಯುವ ನೀರಿಗೆ ಚರಂಡಿ ಸೇರಿದರೆ ಸುಳಿವು ಕೊಡುವವುಗಳಲ್ಲಿ ಇದೂ ಒಂದು. ನಮ್ಮ ದೇಶದ ಮಾನದಂಡದಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಮಿತಿ. ಶಾಲೆಯಲ್ಲಿ ಅಮೋನಿಯಂ ಪತ್ತೆಗೆ ನಾವು ಹಾಕುತ್ತಿದ್ದ ನೆಸ್ಲರ್ ದ್ರಾವಣವನ್ನು ಜೂಲಿಯಸ್ ನೆಸ್ಲರ್ 1856ರಲ್ಲಿ ಕೊಟ್ಟದ್ದು. ಅಮೋನಿಯಂ ಸ್ವಲ್ಪ ಇದ್ದರೆ ಹಳದಿ, ಜಾಸ್ತಿ ಇದ್ದರೆ ಕಂದು ಒತ್ತರ. ಅದರಲ್ಲಿ ಪಾದರಸವಿದೆ, ಆದ್ದರಿಂದ ನಾವೀಗ ನೀಲಿ ಬಣ್ಣ ಬರುವ ಫಿನೇಟ್ ವಿಧಾನ ಬಳಸುತ್ತೇವೆ. ಅಂಗಡಿಯಿಂದ ಅಕ್ವೇರಿಯಂ ತಂದವರೂ ಕೆಲವೊಮ್ಮೆ ನೀರು ಹಿಡಿದುಕೊಂಡು ಬರುತ್ತಾರೆ, ಮೀನು ಯಾಕೆ ಸಾಯುತ್ತಿದೆ ಎಂದು. ನಾನು ಮೊದಲು ನೋಡುವುದು ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ. 9.25ರಲ್ಲಿ ಅಮೋನಿಯಾ, ಅಮೋನಿಯಂ ಅರ್ಧ ಅರ್ಧ. 8.25ಕ್ಕೆ ಇಳಿದರೆ ಹನ್ನೊಂದರಲ್ಲಿ ಒಂದು ಪಾಲು ಮಾತ್ರ ಅಮೋನಿಯಾ. 7.25ರಲ್ಲಿ ನೂರಕ್ಕೆ ಒಂದು. ಮೀನನ್ನು ಕೊಲ್ಲುವುದು ಮುಖ್ಯವಾಗಿ ಅಮೋನಿಯಾ, ಅಮೋನಿಯಂ ಅಷ್ಟಾಗಿ ಅಲ್ಲ. ಸಂಭಾವಿತ ಎಂದು ಸರ್ ಸುಮ್ನೆ ಅಂದಿರಲಿಲ್ಲ.

ಈ ಸಂಚಿಕೆ ಕೈಗೆ ಬರುವ ಹೊತ್ತಿಗೆ ಹನ್ನೆರಡನೇ ಕ್ಲಾಸಿನವರಿಗೆ ಪ್ರಾಕ್ಟಿಕಲ್ ಹತ್ತಿರ ಬಂದಿರುತ್ತದೆ. ಅವರಿಗೆ ಒಂದು ಮಾತು. ಅಮೋನಿಯಂ ಪರೀಕ್ಷೆಯನ್ನು ಕೊಟ್ಟ ಉಪ್ಪಿನ ಮೇಲೆಯೇ, ಎಲ್ಲಕ್ಕಿಂತ ಮೊದಲು ಮಾಡಿ. ಉಪ್ಪಿನಲ್ಲಿರುವ ಅಯಾನುಗಳನ್ನು ಗುಂಪು ಗುಂಪಾಗಿ ಹುಡುಕುವ ಕ್ರಮದಲ್ಲಿ ಅದಕ್ಕೇ ಅದು ಸೊನ್ನೆ ಗುಂಪು. ಮೂರನೇ ಗುಂಪಿಗೆ ಬಂದಾಗ ನೀವೇ ಅಮೋನಿಯಂ ಕ್ಲೋರೈಡ್, ಅಮೋನಿಯಂ ಹೈಡ್ರಾಕ್ಸೈಡ್ ಎರಡನ್ನೂ ಸುರಿಯುತ್ತೀರಿ. ಕ್ಲೋರೈಡಿನಿಂದ ಬಂದ ಅಮೋನಿಯಂ ಅಯಾನುಗಳ ಗುಂಪು ಹೈಡ್ರಾಕ್ಸೈಡ್ ಅಯಾನುಗಳನ್ನು ಹದ್ದುಬಸ್ತಿನಲ್ಲಿಡುತ್ತದೆ. ಆಗ ಕಬ್ಬಿಣ, ಅಲ್ಯುಮಿನಿಯಂ, ಕ್ರೋಮಿಯಂ ಮಾತ್ರ ಕೆಳಗೆ ಕೂರುತ್ತವೆ. ಸತು, ಮ್ಯಾಂಗನೀಸ್, ಮೆಗ್ನೀಷಿಯಂ ಮುಂದಿನ ಗುಂಪುಗಳಿಗೆ ಉಳಿಯುತ್ತವೆ. ಆ ಸೋಸಿದ ನೀರಿನಲ್ಲಿ ಅಮೋನಿಯಂ ಹುಡುಕಿದರೆ ಕ್ಲಾಸಿನ ಎಲ್ಲರ ಉಪ್ಪಿನಲ್ಲೂ ಸಿಗುತ್ತದೆ. ಅಂಥ ಜರ್ನಲ್ ಕಂಡರೆ ಸರ್ ಕೆಂಪು ಗೀಟು ಹಾಕುತ್ತಿರಲಿಲ್ಲ. ಕೈ ಕುಲುಕುತ್ತಿದ್ದರು. "ನೀನ ಹಾಕಿ, ನೀನ ಹುಡುಕಿದಿ, ಶಾಬಾಸ್!"